ತಿಳಿಗಂಜಿ ಸಾಲದು, ಹಬ್ಬದೂಟವೂ ಬೇಡ: ಕಾಯಿಲೆಯಲ್ಲಿ ಸೊರಗಿದವರಿಗೆ ಮನೆಯಲ್ಲಿ ಊಟ ಕೊಡುವ ಬಗೆ

ನಮ್ಮ ಮಾವನಿಗೆ ಕ್ಷಯ ಎಂದು ಗೊತ್ತಾಗುವ ಹೊತ್ತಿಗೆ ಅವರ ತೂಕ 52 ಕೆ.ಜಿ.ಯಿಂದ 41ಕ್ಕೆ ಇಳಿದಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಚೀಟಿಯಲ್ಲಿ ಮಾತ್ರೆಗಳ ಹೆಸರು ಸಾಲಾಗಿ ಬರೆದಿತ್ತು. ಊಟದ ಬಗ್ಗೆ ಮಾತ್ರ ಬಾಯಿಮಾತಿನಲ್ಲಿ ಒಂದೇ ಸಾಲು: "ಮೆತ್ತಗಿನದ್ದು ಕೊಡಿ, ಚೆನ್ನಾಗಿ ತಿನ್ನಿಸಿ."

ನಾವು ಕೊಡಗಿನ ನಾಪೋಕ್ಲು ಕಡೆಯವರು. ಚೆನ್ನಾಗಿ ತಿನ್ನಿಸುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ವಾರ ಹೊಟ್ಟೆಗೆ ಏನೂ ಸರಿಯಾಗಿ ಹೋಗಿರದ ಮನುಷ್ಯನಿಗೆ ಬಂದ ದಿನವೇ ಪಾಯಸ, ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ), ಕೋಳಿ ಸಾರು. ಅವರೂ ಆಸೆಪಟ್ಟು ತಿಂದರು. ಮೂರನೇ ದಿನ ಕಾಲು ಊದಿತು. ಏದುಸಿರು ಶುರುವಾಯಿತು. ಒಂದು ಕೇಳಿದರೆ ಇನ್ನೊಂದು ಹೇಳುತ್ತಿದ್ದರು. ಮತ್ತೆ ಆಸ್ಪತ್ರೆಗೆ ಓಡಿದೆವು. ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್ ಎರಡೂ ಕುಸಿದಿದ್ದವು.

ಅಲ್ಲಿಂದ ಬಂದ ಮೇಲೆ ಹೆದರಿ ಎದುರು ದಿಕ್ಕಿನ ತಪ್ಪು ಮಾಡಿದೆವು. ತಿಂಗಳಿಡೀ ತಿಳಿಗಂಜಿ. ತೂಕ ಒಂದಿಷ್ಟೂ ಏರಲಿಲ್ಲ. ಎರಡು ತಪ್ಪನ್ನೂ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕ್ಷಯವೇ ಇರಲಿ, ಕ್ಯಾನ್ಸರ್ ಇರಲಿ, ದೊಡ್ಡ ಆಪರೇಷನ್ ಆಗಿರಲಿ, ಮೂಲ ಕ್ರಮ ಒಂದೇ. ಆದರೆ ನಿಮ್ಮ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅದನ್ನೇ ಮಾಡಿ.

ಹೆಜ್ಜೆ 1: ಮೊದಲು ತೂಗಿ

ತೂಕ ಗೊತ್ತಿಲ್ಲದೆ ಮುಂದಿನ ಯಾವ ಲೆಕ್ಕವೂ ಆಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕಾಫಿ ಚೀಲ ತೂಗುವ ಸ್ಕೇಲ್ ಅನೇಕ ಮನೆಗಳಲ್ಲಿದೆ. ಆದರೆ ಮನೆಯವರನ್ನು ತೂಗುವುದಕ್ಕೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ! ನಿಲ್ಲಲು ಆಗುವವರಾದರೆ ಆ ಪ್ಲಾಟ್‌ಫಾರ್ಮ್ ಸ್ಕೇಲ್ ಮೇಲೆ ಕೈಹಿಡಿದು ನಿಲ್ಲಿಸಬಹುದು. ಇಲ್ಲದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಇದ್ದೇ ಇದೆ. ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ತಿಂಡಿಗೆ ಮೊದಲು ತೂಗಿ. ಮಳೆಗಾಲದಲ್ಲಿ ಸ್ವೆಟರ್, ಮಫ್ಲರ್, ಸಾಕ್ಸ್ ಎಲ್ಲ ಸೇರಿ ಒಂದು ಕೆ.ಜಿ. ಸುಳ್ಳು ಹೇಳುತ್ತವೆ. ತೆಗೆಸಿ ತೂಗಿ.

ಪ್ರಯತ್ನಪಡದೆ ಮೂರು ತಿಂಗಳಲ್ಲಿ ನೂರಕ್ಕೆ 5ರಷ್ಟು ತೂಕ ಇಳಿದಿದ್ದರೆ ಎಚ್ಚರವಾಗಬೇಕು. ಅಂದರೆ 60 ಕೆ.ಜಿ. ಇದ್ದವರಿಗೆ 3 ಕೆ.ಜಿ. ಆರು ತಿಂಗಳಲ್ಲಿ ನೂರಕ್ಕೆ 10ಕ್ಕಿಂತ ಜಾಸ್ತಿ ಇಳಿದಿದ್ದರೆ ಅದು ಗಂಭೀರ. ಹಳೆಯ ತೂಕ ನೆನಪಿಲ್ಲದಿದ್ದರೆ ಬಳೆ ಮೊಣಕೈವರೆಗೆ ಜಾರುತ್ತದೆಯೇ, ಉಂಗುರಕ್ಕೆ ದಾರ ಸುತ್ತಬೇಕಾಗಿದೆಯೇ, ಬೆಲ್ಟಿಗೆ ಹೊಸ ತೂತು ಬಿದ್ದಿದೆಯೇ ನೋಡಿ. ಕಾಲು ಅಥವಾ ಹೊಟ್ಟೆ ಊದಿದ್ದರೆ ತೂಕವನ್ನು ನಂಬಬೇಡಿ. ಸ್ಕೇಲ್ ಏರಿದ್ದು ನೀರಿಗೆ, ಮಾಂಸಕ್ಕಲ್ಲ.

ಒಂದು ನೋಟ್‌ಬುಕ್ ಇಡಿ. ತೂಕ, ದಿನ, ಆ ದಿನ ನಿಜವಾಗಿ ಹೊಟ್ಟೆಗೆ ಹೋದದ್ದು. ತಟ್ಟೆಗೆ ಬಡಿಸಿದ್ದಲ್ಲ, ಹೊಟ್ಟೆಗೆ ಹೋದದ್ದು.

ಹೆಜ್ಜೆ 2: ಮೊದಲ ವಾರ ನಿಧಾನ

ಐದು ದಿನಕ್ಕಿಂತ ಜಾಸ್ತಿ ಏನೂ ತಿಂದಿಲ್ಲ, ತಿಂದರೂ ಒಂದೆರಡು ತುತ್ತು, ಅಥವಾ ತುಂಬಾ ಸೊರಗಿದ್ದಾರೆ ಅನ್ನುವವರಿಗೆ ಈ ಹೆಜ್ಜೆ. ವರ್ಷಗಟ್ಟಲೆ ದಿನಾ ಕುಡಿಯುವ ಅಭ್ಯಾಸ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಆಗುವುದು ಇಷ್ಟು. ಹಸಿದ ಮೈ ಕೊಬ್ಬು ಕರಗಿಸಿ ಬದುಕುವುದನ್ನು ರೂಢಿ ಮಾಡಿಕೊಂಡಿರುತ್ತದೆ. ಒಮ್ಮೆಗೇ ಅನ್ನ, ಸಕ್ಕರೆ, ಬೆಲ್ಲ ಹೋದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಉಳಿದಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಖಾಲಿಯಾದಾಗ ಹೃದಯ ತಾಳ ತಪ್ಪುತ್ತದೆ, ಉಸಿರಾಟದ ಸ್ನಾಯು ಸೋಲುತ್ತವೆ. ಇದಕ್ಕೆ ಡಾಕ್ಟರುಗಳು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ ಎಷ್ಟೋ ಜನ ಹೊಟ್ಟೆತುಂಬ ತಿಂದ ಮೇಲೆ ಸತ್ತದ್ದು ಹೀಗೆ. ಉಪವಾಸ ಬಿಡುವಾಗ ಮೊದಲು ಪಾನಕ, ಆಮೇಲೆ ಗಂಜಿ, ಆಮೇಲೆ ಅನ್ನ ಎಂದು ನಮ್ಮ ಹಿರಿಯರು ಮಾಡಿದ ಕ್ರಮ ಸುಮ್ನೆ ಅಲ್ಲ.

ಅಪಾಯ ಹೆಚ್ಚಿರುವವರಿಗೆ ಶುರುವಿನಲ್ಲಿ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 10 ಕ್ಯಾಲೊರಿ ಸಾಕು. 40 ಕೆ.ಜಿ. ಇದ್ದವರಿಗೆ 400 ಕ್ಯಾಲೊರಿ. ಅದು ಎಷ್ಟು ಕಡಿಮೆ ಗೊತ್ತಾ? ಎರಡು ಲೋಟ ಹಾಲು, ಒಂದು ಮೊಟ್ಟೆ, ಒಂದು ಸಣ್ಣ ಬಟ್ಟಲು ಗಂಜಿ. ಅಷ್ಟೆ. ಅದನ್ನೂ ಆರು ಸಲ ಹಂಚಿ ಕೊಡಬೇಕು. ನಾಲ್ಕರಿಂದ ಏಳು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ ಪೂರ್ತಿ ಊಟಕ್ಕೆ ಬರಬೇಕು. ಥಯಾಮಿನ್, ಅಂದರೆ ಬಿ1 ಮಾತ್ರೆಯನ್ನು ಊಟ ಶುರುವಾಗುವ ಮೊದಲೇ ಕೊಡಬೇಕು. ಎಷ್ಟು ಎನ್ನುವುದನ್ನು ಡಾಕ್ಟರ್ ಬರೆದುಕೊಡುತ್ತಾರೆ. ಬರೆಯದಿದ್ದರೆ ನೀವೇ ಕೇಳಿ. "ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿದ್ದೀರಾ ಸರ್?" ಎಂದು ಕೇಳಿದರೆ ಯಾರೂ ಬೈಯುವುದಿಲ್ಲ.

ನಿಜ ಹೇಳಬೇಕೆಂದರೆ, ಇಂಥವರಿಗೆ ಮೊದಲ ಕೆಲವು ದಿನ ಆಸ್ಪತ್ರೆಯಲ್ಲೇ ಊಟ ಶುರು ಮಾಡುವುದು ಒಳ್ಳೆಯದು. ಮನೆಯಲ್ಲಿದ್ದು ಕಾಲು ಊದಿದರೆ, ಏದುಸಿರು ಬಂದರೆ, ಎದೆ ಡವಗುಟ್ಟಿದರೆ, ಗೊಂದಲ ಅಥವಾ ಸೆಳೆತ ಕಂಡರೆ ಕಾಯಬೇಡಿ. 108ಕ್ಕೆ ಕರೆ ಮಾಡಿ.

ಈ ವಾರದ ದೊಡ್ಡ ಕಷ್ಟ ಮಾತ್ರ ಬೇರೆಯೇ. ನೋಡಲು ಬರುವ ನೆಂಟರು. "ಪಾಪ, ಎಷ್ಟು ಸೊರಗಿದ್ದಾರೆ, ತಿನ್ನಲಿ ಬಿಡಿ" ಎನ್ನುತ್ತಾ ಒಬ್ಬೊಬ್ಬರೂ ಒಂದೊಂದು ಡಬ್ಬಿ ಬಿಚ್ಚುತ್ತಾರೆ. ಡಬ್ಬಿ ಇಸಿದುಕೊಳ್ಳಿ, ಕಾಫಿ ಕೊಟ್ಟು ಮಾತಾಡಿಸಿ. ಡಬ್ಬಿಯಲ್ಲಿ ಇದ್ದದ್ದನ್ನು ನೀವು ತಿನ್ನಿ.

ಹೆಜ್ಜೆ 3: ದಿನದ ಲೆಕ್ಕ ಹಾಕಿ

ಮೊದಲ ವಾರ ಸುಖವಾಗಿ ಕಳೆದ ಮೇಲೆ ಗುರಿ ಹೀಗೆ: ಪ್ರತಿ ಕೆ.ಜಿ. ತೂಕಕ್ಕೆ 25ರಿಂದ 30 ಕ್ಯಾಲೊರಿ, ತೂಕ ಏರಬೇಕಾದರೆ ಇನ್ನೂ ಸ್ವಲ್ಪ ಮೇಲೆ. ಪ್ರೋಟೀನ್ ಪ್ರತಿ ಕೆ.ಜಿ.ಗೆ 1.2ರಿಂದ 1.5 ಗ್ರಾಂ. ಆರೋಗ್ಯವಾಗಿರುವವರಿಗಿಂತ ಕಾಯಿಲೆಯವರಿಗೆ ಪ್ರೋಟೀನ್ ಜಾಸ್ತಿ ಬೇಕು. ನಾವು ಮಾಡುವುದು ಉಲ್ಟಾ. ಜ್ವರ ಬಂತು ಎಂದರೆ ಮೊದಲು ಮೊಟ್ಟೆ, ಮೀನು ನಿಲ್ಲಿಸುತ್ತೇವೆ.

40 ಕೆ.ಜಿ. ಇದ್ದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಎಂದಾಯಿತು. ನಮ್ಮ ಅಡುಗೆಮನೆಯಲ್ಲಿ ಅದು ಎಲ್ಲಿದೆ? ಒಂದು ಮೊಟ್ಟೆಯಲ್ಲಿ 6 ಗ್ರಾಂ. 200 ಮಿ.ಲೀ. ಹಾಲು ಅಥವಾ ಮೊಸರಿನಲ್ಲಿ 6 ಗ್ರಾಂ. ಒಂದು ಹಿಡಿ, ಅಂದರೆ 30 ಗ್ರಾಂ, ತೊಗರಿ ಅಥವಾ ಹೆಸರುಬೇಳೆಯಲ್ಲಿ ಸುಮಾರು 7. ಮೂಳೆ, ಮುಳ್ಳು ಬಿಟ್ಟು 50 ಗ್ರಾಂ ಕೋಳಿ ಅಥವಾ ಮೀನಿನಲ್ಲಿ ಸುಮಾರು 10. 30 ಗ್ರಾಂ ಕಡಲೆಕಾಯಿಯಲ್ಲಿ 7. ದಿನಕ್ಕೆ ಎರಡು ಮೊಟ್ಟೆ, ಮೂರು ಲೋಟ ಹಾಲು ಮೊಸರು, ಒಂದೂವರೆ ಹಿಡಿ ಬೇಳೆ, ಎರಡು ತುಂಡು ಮೀನು, 150 ಗ್ರಾಂ ಅಕ್ಕಿ, ಎರಡು ದೊಡ್ಡ ಚಮಚ ಎಣ್ಣೆ ಅಥವಾ ತುಪ್ಪ. ಇಷ್ಟಾದರೆ ಪ್ರೋಟೀನ್ ಲೆಕ್ಕವೂ ಮುಗಿಯಿತು, ಸುಮಾರು 1,500 ಕ್ಯಾಲೊರಿಯೂ ಆಯಿತು.

ಕ್ಷಯದ ವಿಷಯದಲ್ಲಿ ಇದಕ್ಕೆ ಗಟ್ಟಿ ಆಧಾರ ಇದೆ. ಅದೂ ನಮ್ಮ ಪಕ್ಕದ ಮಂಗಳೂರಿನ ಸಂಶೋಧಕರಿಂದ. ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಕ್ಷಯ ರೋಗಿಗಳಿಗೆ ಔಷಧಿ ಜೊತೆ ತಿಂಗಳಿಗೆ 10 ಕೆ.ಜಿ. ಆಹಾರದ ಕಿಟ್ ಕೊಟ್ಟರು. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. 2023ರಲ್ಲಿ ಫಲಿತಾಂಶ ಬಂತು. ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ನೂರಕ್ಕೆ 61ರಷ್ಟು ಕಡಿಮೆ ಇತ್ತು. ಕಿಟ್‌ನಲ್ಲಿ ದುಬಾರಿ ಪೌಡರ್ ಡಬ್ಬಿ ಇರಲಿಲ್ಲ ಎನ್ನುವುದನ್ನು ಗಮನಿಸಿ.

ಹೆಜ್ಜೆ 4: ಬಟ್ಟಲು ಅಷ್ಟೇ ಇರಲಿ, ಒಳಗಿನದು ಗಟ್ಟಿಯಾಗಲಿ

ಕಾಯಿಲೆಯವರು ಜಾಸ್ತಿ ತಿನ್ನಲಾರರು. ಆರು ಚಮಚಕ್ಕೇ ಸಾಕು ಎನ್ನುತ್ತಾರೆ. ಹಾಗಾದರೆ ಆ ಆರು ಚಮಚದಲ್ಲಿ ಏನಿದೆ ಎನ್ನುವುದೇ ಮುಖ್ಯ ಅಲ್ವಾ? ತಿಳಿಗಂಜಿಯಲ್ಲಿ ಬಹುಪಾಲು ನೀರು. ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸಿಗುವುದಿಲ್ಲ.

ಗಂಜಿಯನ್ನು ಬಿಡಬೇಕಿಲ್ಲ, ರಿಪೇರಿ ಮಾಡಿದರೆ ಸಾಕು. ಅಕ್ಕಿ ತರಿ ಮತ್ತು ಹುರಿದ ಹೆಸರುಬೇಳೆ ಎರಡು ಪಾಲಿಗೆ ಒಂದು ಪಾಲು ಹಾಕಿ ಮೆತ್ತಗೆ ಬೇಯಿಸಿ. ಕುದಿಯುತ್ತಿರುವಾಗಲೇ ಒಂದು ಮೊಟ್ಟೆ ಚೆನ್ನಾಗಿ ಕದಡಿ ಹುಯ್ಯುತ್ತಾ ತಿರುವಿ, ಮೊಟ್ಟೆ ಪೂರ್ತಿ ಬೇಯಲಿ. ಇಳಿಸಿದ ಮೇಲೆ ಒಂದು ಚಮಚ ತುಪ್ಪ. ಸಣ್ಣ ಚಮಚ ತುಪ್ಪಕ್ಕೇ 45 ಕ್ಯಾಲೊರಿ. ಮೊಟ್ಟೆ ತಿನ್ನದವರಿಗೆ ಹಾಲಿನ ಪುಡಿ ಅಥವಾ ನುಣ್ಣಗೆ ಅರೆದ ಕಡಲೆಕಾಯಿ.

ಹಾಲನ್ನೂ ಹೀಗೆಯೇ ಗಟ್ಟಿ ಮಾಡಿ. ಅರ್ಧ ಲೀಟರ್ ಹಾಲಿಗೆ 30 ಗ್ರಾಂ ಹಾಲಿನ ಪುಡಿ ಕಲಸಿಟ್ಟರೆ 150 ಕ್ಯಾಲೊರಿ, 8 ಗ್ರಾಂ ಪ್ರೋಟೀನ್ ಮೇಲಿಂದ ಸೇರಿತು. ದಿನದ ಕಾಫಿ, ಪಾಯಸ, ಗಂಜಿ ಎಲ್ಲಕ್ಕೂ ಈ ಹಾಲನ್ನೇ ಬಳಸಿ. ನಮ್ಮ ಕಡೆ ಕಾಫಿ ಬಿಡಿ ಎಂದು ಹೇಳಿ ಪ್ರಯೋಜನ ಇಲ್ಲ. ಆದರೆ ಊಟಕ್ಕೆ ಮೊದಲು ಕುಡಿಯುವ ಬೆಲ್ಲದ ಕಟ್ಟಾ ಕಾಫಿ ಹಸಿವನ್ನು ಕೊಲ್ಲುತ್ತದೆ, ಊಟದ ಜೊತೆ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟವಾಗಿ ಒಂದು ಗಂಟೆ ಕಳೆದ ಮೇಲೆ, ಈ ಗಟ್ಟಿ ಹಾಲು ಹಾಕಿ ಕೊಡಿ. ಕಾಫಿಯೇ ಒಂದು ಹೊತ್ತಿನ ಆಹಾರವಾಯಿತು. ಮಾವನ ವಿಷಯದಲ್ಲಿ ನಾನು ಗೆದ್ದದ್ದು ಈ ಒಂದು ಉಪಾಯದಿಂದ.

ನಮ್ಮ ತಿಂಡಿಗಳಲ್ಲಿ ಪಾಪುಟ್ಟು ಕಾಯಿಲೆಯವರಿಗೆಂದೇ ಮಾಡಿದ ಹಾಗಿದೆ. ಅಕ್ಕಿ ತರಿ, ಹಾಲು, ತೆಂಗಿನ ತುರಿ, ಎಲ್ಲವೂ ಹಬೆಯಲ್ಲಿ ಬೆಂದದ್ದು. ನೀರಿನ ಬದಲು ಪೂರ್ತಿ ಹಾಲಲ್ಲೇ ನೆನೆಸಿ. ನೂಪುಟ್ಟನ್ನು (ಒತ್ತು ಶಾವಿಗೆ) ಬಿಸಿ ಹಾಲಿನಲ್ಲಿ ನೆನೆಸಿ ಕೊಡಬಹುದು. ಕಡಂಬುಟ್ಟನ್ನು ಕೋಳಿ ಸಾರಿನಲ್ಲಿ ಕಿವುಚಿದರೆ ಹಲ್ಲಿಲ್ಲದವರೂ ತಿನ್ನುತ್ತಾರೆ. ಸಾರು ಮಾತ್ರ ಕೊಟ್ಟು ಕೋಳಿಯನ್ನು ನಾವು ತಿಂದರೆ ಆಗದು. ಪ್ರೋಟೀನ್ ಇರುವುದು ತುಂಡಿನಲ್ಲಿ, ಸಾರಿನಲ್ಲಿ ಅಲ್ಲ. ಅಕ್ಕಿ ರೊಟ್ಟಿ ಒಣಗಿದ್ದು, ಅಗಿಯಲು ಶಕ್ತಿ ಬೇಕು. ಹಂದಿ ಕರಿಗೂ ಸ್ವಲ್ಪ ಕಾಯಬೇಕು. ಅದಕ್ಕೆ ಹಾಕುವ ಕಾಚಂಪುಳಿಯ ಹುಳಿ, ಮೆಣಸಿನ ಖಾರ ಬಾಯಿ ಹುಣ್ಣಿಗೆ ಬೆಂಕಿ. ಹುಣ್ಣು ಮಾಗಿ, ಹೊಟ್ಟೆ ಹಿಡಿತಕ್ಕೆ ಬಂದ ಮೇಲೆ ಕೊಬ್ಬು ಕಡಿಮೆ ಇರುವ ತುಂಡನ್ನು ಮೆತ್ತಗೆ ಬೇಯಿಸಿ ಕೊಡಿ.

ಕಣಿಲೆ (ಎಳೆ ಬಿದಿರು), ಅಣಬೆ ಬಾಯಿರುಚಿಗೆ ಸರಿ. ಹೊಟ್ಟೆಯಲ್ಲಿ ಜಾಗ ಹಿಡಿಯುತ್ತವೆ, ಶಕ್ತಿ ಕೊಡುವುದಿಲ್ಲ. ಅದರ ಬದಲು ತೋಟದ ಬೆಣ್ಣೆಹಣ್ಣು ನೋಡಿ. ಕಾಫಿ ಗಿಡಗಳ ನಡುವೆ ಬಿದ್ದು ಕೊಳೆಯುವ ಹಣ್ಣು ಇದು. 100 ಗ್ರಾಂ ತಿರುಳಿನಲ್ಲಿ ಸುಮಾರು 160 ಕ್ಯಾಲೊರಿ, ಅಗಿಯುವ ಕೆಲಸವೇ ಇಲ್ಲ. ಹಾಲು, ಸ್ವಲ್ಪ ಬೆಲ್ಲದ ಜೊತೆ ಕಡೆದು ಕೊಡಿ.

ರಾಗಿಯ ಬಗ್ಗೆ ಒಂದು ಗುಟ್ಟು. ಮೊಳಕೆ ಬರಿಸಿ, ಒಣಗಿಸಿ ಬೀಸಿದ ರಾಗಿ ಹಿಟ್ಟಿನ ಗಂಜಿ ಸಾದಾ ಹಿಟ್ಟಿನಷ್ಟು ಗಟ್ಟಿಯಾಗುವುದಿಲ್ಲ. ಹಾಗಾಗಿ ಅದೇ ಲೋಟದಲ್ಲಿ ಹಿಟ್ಟು ಜಾಸ್ತಿ ಹಿಡಿಯುತ್ತದೆ, ನುಂಗಲೂ ಸುಲಭ. ಆದರೆ ಇದನ್ನು ಏಪ್ರಿಲ್ ಒಳಗೆ ಮಾಡಿಡಿ. ನಮ್ಮ ಮಳೆಯಲ್ಲಿ ಮೊಳಕೆ ಒಣಗುವ ಮೊದಲು ಬೂಸ್ಟು ಬರುತ್ತದೆ. ಬೂಸ್ಟು ಹಿಡಿದ ರಾಗಿ, ಕಡಲೆಕಾಯಿ ಯಾವುದನ್ನೂ ತೊಳೆದು ಬಳಸಬೇಡಿ, ಎಸೆಯಿರಿ.

ಹೆಜ್ಜೆ 5: ಯಾಕೆ ತಿನ್ನುತ್ತಿಲ್ಲ ಎಂದು ಹುಡುಕಿ

"ಹಠ" ಎಂದು ಬೈಯುವ ಮೊದಲು ಟಾರ್ಚ್ ಹಿಡಿದು ಬಾಯಿ ನೋಡಿ. ನಾಲಿಗೆ ಮೇಲೆ ಬಿಳಿ ಪದರ ಇದ್ದರೆ ಅದು ಫಂಗಸ್ ಇರಬಹುದು, ಅದಕ್ಕೆ ಔಷಧಿ ಇದೆ. ಹುಣ್ಣಿದ್ದರೆ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲಿ. ಸಡಿಲವಾದ ಹಲ್ಲುಸೆಟ್ಟೂ ಒಂದು ಕಾರಣ. ತೂಕ ಇಳಿದಾಗ ವಸಡೂ ಇಳಿಯುತ್ತದೆ.

ಕೀಮೊ ಆದವರಿಗೆ ಬಿಸಿ ಅಡುಗೆಯ ವಾಸನೆಗೇ ವಾಕರಿಕೆ. ಅವರಿಗೆ ತಣಿದ ಊಟ ಕೊಡಿ, ಒಗ್ಗರಣೆ ಹಾಕುವಾಗ ಅವರ ಕೋಣೆ ಬಾಗಿಲು ಮುಚ್ಚಿ. ಸ್ಟೀಲ್ ಚಮಚದಲ್ಲಿ ಲೋಹದ ರುಚಿ ಎನ್ನುವವರಿಗೆ ಮರದ ಚಮಚ. ಮಲಬದ್ಧತೆ ಇದ್ದರೂ ಹಸಿವು ಸಾಯುತ್ತದೆ, ಮಾರ್ಫಿನ್‌ನಂಥ ನೋವಿನ ಮಾತ್ರೆ ತಿನ್ನುವವರಿಗಂತೂ ಇದು ತುಂಬಾ ಸಾಮಾನ್ಯ.

ಇನ್ನು ನುಂಗುವುದು. ನೀರು ಕುಡಿದಾಗಲೆಲ್ಲ ಕೆಮ್ಮು, ಊಟವಾದ ಮೇಲೆ ಗಂಟಲಿನಲ್ಲಿ ಗುಳುಗುಳು ದನಿ ಇದ್ದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಲಕ್ವ ಹೊಡೆದವರಲ್ಲಿ ಇದು ಸಾಮಾನ್ಯ. ಮಲಗಿಸಿ ಎಂದೂ ತಿನ್ನಿಸಬೇಡಿ. ನೇರ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಸಣ್ಣ ಚಮಚ, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಊಟದ ನಂತರ ಅರ್ಧ ಗಂಟೆ ಕೂತೇ ಇರಲಿ. ಇಷ್ಟಾದರೂ ಕೆಮ್ಮಿದರೆ ಬಾಯಿಂದ ಕೊಡುವುದನ್ನು ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.

ಮೂಗಿನ ನಳಿಕೆ ಹಾಕಿದ್ದರೆ ಹೆದರಬೇಡಿ, ವಾರದಲ್ಲಿ ಕೈ ಪಳಗುತ್ತದೆ. ತಲೆದಿಂಬು ಏರಿಸಿ. ಮೂಗಿನ ಹತ್ತಿರ ಹಾಕಿದ ಗುರುತು ಸರಿದಿಲ್ಲ ತಾನೆ ನೋಡಿ. ಒಂದು ಸಲಕ್ಕೆ 200ರಿಂದ 250 ಮಿ.ಲೀ., ಸಿರಿಂಜ್ ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಿ, ಒತ್ತಬೇಡಿ. ಮೊದಲೂ ಕೊನೆಗೂ 30 ಮಿ.ಲೀ. ಕುದಿಸಿ ಆರಿಸಿದ ನೀರು. ಜರಡಿ ಹಿಡಿಯದೆ ಏನನ್ನೂ ಹಾಕಬೇಡಿ, ರಾಗಿ ಗಂಜಿ ಒಂದೇ ದಿನದಲ್ಲಿ ನಳಿಕೆ ಕಟ್ಟಿಸುತ್ತದೆ. ನಳಿಕೆ ಹೊರಬಂದರೆ ಮನೆಯಲ್ಲಿ ತೂರಿಸಲು ಹೋಗಬೇಡಿ.

ಹೆಜ್ಜೆ 6: ಕಾಯಿಲೆಗೆ ತಕ್ಕ ಹಾಗೆ ಬದಲಿಸಿ

ಕಿಡ್ನಿ ಕಾಯಿಲೆಯವರ ವಿಷಯದಲ್ಲಿ ಮೇಲಿನ ಕೆಲವು ಮಾತು ನಡೆಯುವುದಿಲ್ಲ. ಪೊಟ್ಯಾಸಿಯಂ ಏರಿದ್ದರೆ ಬೆಣ್ಣೆಹಣ್ಣು, ಬಾಳೆ, ಕಿತ್ತಳೆ, ಎಳನೀರು ಕೇಳದೆ ಕೊಡಬೇಡಿ. ಧಾರೆಹುಳಿಯನ್ನಂತೂ (ಸ್ಟಾರ್ ಫ್ರೂಟ್) ಬಾಯಿಗೇ ಇಡಬಾರದು, ಕಿಡ್ನಿ ಸೋತವರಿಗೆ ಅದು ಮಿದುಳಿಗೆ ವಿಷ. ಪ್ರೋಟೀನ್ ಎಷ್ಟು ಎನ್ನುವುದು ಡಯಾಲಿಸಿಸ್ ಆಗುತ್ತಿದೆಯೇ ಇಲ್ಲವೇ ಎನ್ನುವುದರ ಮೇಲೆ. ಡಯಾಲಿಸಿಸ್ ಶುರುವಾದ ಮೇಲೆ ಜಾಸ್ತಿ ಬೇಕು. ಎಷ್ಟೋ ಮನೆಗಳಲ್ಲಿ ಹಳೆಯ ಪಥ್ಯವನ್ನೇ ಮುಂದುವರಿಸಿ ಸೊರಗಿಸುತ್ತಾರೆ.

ಲಿವರ್ ಗಟ್ಟಿಯಾದವರಿಗೆ (ಸಿರೋಸಿಸ್) ರಾತ್ರಿ ಮಲಗುವ ಮೊದಲು ಒಂದು ಸಣ್ಣ ತಿಂಡಿ ಬೇಕೇ ಬೇಕು. ಸಕ್ಕರೆ ಕಾಯಿಲೆಯವರು ಸೊರಗಿದ್ದರೆ ಅನ್ನ ಪೂರ್ತಿ ನಿಲ್ಲಿಸಬೇಡಿ, ಔಷಧಿ ಸರಿಹೊಂದಿಸಲು ಡಾಕ್ಟರನ್ನು ಕೇಳಿ.

ಒಂದು ತಮಾಷೆ ಹೇಳಿಬಿಡುತ್ತೇನೆ. ಕ್ಷಯದ ಔಷಧಿಯಲ್ಲಿರುವ ರಿಫಾಂಪಿಸಿನ್‌ನಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರಂದು, ಮದ್ದು ಸೊಪ್ಪಿನಿಂದ ಮಾಡುವ ಪಾಯಸ ತಿಂದರೂ ಕೆಂಪಾಗುತ್ತದೆ. ಆ ವರ್ಷ ಆ ದಿನ ಮಾವ ಎರಡೂ ಸೇರಿದ ಬಣ್ಣ ನೋಡಿ ರಕ್ತವೇ ಹೋಗುತ್ತಿದೆ ಎಂದು ಮನೆಯನ್ನೆಲ್ಲ ಎಬ್ಬಿಸಿದ್ದರು.

ಹೆಜ್ಜೆ 7: ಮಳೆ, ದಾರಿ, ದುಡ್ಡು

ಜೂನ್ ಬರುವ ಮೊದಲೇ ಹಾಲಿನ ಪುಡಿ, ಬೇಳೆ, ಎಣ್ಣೆ, ಒಂದು ತಿಂಗಳ ಮಾತ್ರೆ ತಂದಿಡಿ. ಮರ ಬಿದ್ದು ದಾರಿ ಕಟ್ಟಿದ ದಿನ ಹಾಲಿನ ಪ್ಯಾಕೆಟ್ ಬರುವುದಿಲ್ಲ. ಕರೆಂಟ್ ಹೋದರೆ ಫ್ರಿಜ್ ನಂಬಬೇಡಿ, ಆಗಿಂದಾಗ ಮಾಡಿ ಕೊಡಿ.

ಚಿಕಿತ್ಸೆಗೆ ಮಡಿಕೇರಿಯಿಂದ ಮೈಸೂರಿಗೆ ಹೋಗುವುದೆಂದರೆ 120 ಕಿ.ಮೀ. ಹೋಗಿ, ಕಾದು, ಬರುವಷ್ಟರಲ್ಲಿ ರೋಗಿಗೆ ಎರಡು ಹೊತ್ತಿನ ಊಟ ತಪ್ಪಿರುತ್ತದೆ. ಫ್ಲಾಸ್ಕಿನಲ್ಲಿ ಗಟ್ಟಿ ಹಾಲು, ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ, ಪಾಪುಟ್ಟು ಇರಲಿ.

ಕ್ಷಯ ರೋಗಿಗಳಿಗೆ ನಿಕ್ಷಯ್ ಪೋಷಣ್ ಯೋಜನೆಯ ಹಣ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಬ್ಯಾಂಕ್ ಖಾತೆ ವಿವರ ಕೊಟ್ಟಿದ್ದೀರಾ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಖಚಿತ ಮಾಡಿಕೊಳ್ಳಿ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ, ಆದಿವಾಸಿಗಳ ಹಾಡಿಗಳಲ್ಲಿ ಬರುವ ರೇಷನ್ ಇಡೀ ಕುಟುಂಬಕ್ಕೆ ಹಂಚಿಹೋಗುತ್ತದೆ, ಅದು ಸಹಜ. ರೋಗಿಯ ಎರಡು ಮೊಟ್ಟೆ ಮಾತ್ರ ಬೇರೆ ಎತ್ತಿಡಿ. ದುಡ್ಡಿದ್ದರೂ ಮೊದಲು ಮೊಟ್ಟೆ, ಹಾಲಿನ ಪುಡಿ. ಮೆಡಿಕಲ್ ಶಾಪಿನ ಡಬ್ಬಿ ಆಮೇಲೆ.

ಹೆಜ್ಜೆ 8: ಯಾವಾಗ ಒತ್ತಾಯ ನಿಲ್ಲಿಸಬೇಕು

ವಾಸಿಯಾಗುವ ಕಾಯಿಲೆಗೂ ಕೊನೆಯ ಹಂತದ ಕಾಯಿಲೆಗೂ ಊಟದ ಗುರಿ ಬೇರೆ. ಮೈ ತನ್ನ ಕೆಲಸ ನಿಲ್ಲಿಸತೊಡಗಿದಾಗ ಹಸಿವು, ಬಾಯಾರಿಕೆ ಎರಡೂ ತಾವಾಗಿ ಹೋಗುತ್ತವೆ. ಅವರು ಊಟ ಬಿಟ್ಟದ್ದರಿಂದ ಸಾಯುತ್ತಿಲ್ಲ, ಸಾಯುತ್ತಿರುವುದರಿಂದ ಊಟ ಬೇಡವಾಗಿದೆ. ಆಗ ಬಲವಂತವಾಗಿ ತುರುಕಿದರೆ ವಾಂತಿ, ಕಫ, ಉಸಿರಾಟದ ಕಷ್ಟ ಬಿಟ್ಟು ಬೇರೇನೂ ಸಿಗದು. ಇದು ಆ ಹಂತವೇ ಎಂದು ಡಾಕ್ಟರನ್ನು ನೇರವಾಗಿ ಕೇಳಿ, ಸುಮ್ನೆ ಊಹಿಸಿಕೊಳ್ಳಬೇಡಿ. ಹೌದು ಎಂದರೆ ಕ್ಯಾಲೊರಿ ನೋಟ್‌ಬುಕ್ ಎತ್ತಿಡಿ. ಕೇಳಿದ್ದನ್ನು ಕೊಡಿ, ಕೇಳಿದಷ್ಟೇ ಕೊಡಿ. ತುಟಿಗೆ ತುಪ್ಪ ಅಥವಾ ವ್ಯಾಸಲೀನ್ ಸವರಿ, ಎರಡು ಗಂಟೆಗೊಮ್ಮೆ ಒದ್ದೆ ಹತ್ತಿಯಿಂದ ಬಾಯಿ ಒರೆಸಿ.

ಮಾವ ಗುಣವಾದರು, ಈಗ 50 ಕೆ.ಜಿ. ಇದ್ದಾರೆ. ಆದರೆ ಅದರ ಮುಂದಿನ ವರ್ಷ ನಮ್ಮ ಅಜ್ಜಿ ಹೋದರು. ಕೊನೆಯ ನಾಲ್ಕು ದಿನ ಅವರಿಗೆ ಏನೂ ಬೇಕಿರಲಿಲ್ಲ. ಬೆಳಿಗ್ಗೆ ಬೆಲ್ಲದ ಕಾಫಿ ಕಾಯಿಸಿದಾಗ ಮಾತ್ರ ಮುಖ ತಿರುಗಿಸುತ್ತಿದ್ದರು. ಹತ್ತಿಯನ್ನು ಅದರಲ್ಲಿ ಅದ್ದಿ, ಹಿಂಡಿ, ತುಟಿಗೆ ಒತ್ತುತ್ತಿದ್ದೆ. ನಾಲಿಗೆ ಚಾಚಿ ಒಮ್ಮೆ ಸವರಿಕೊಂಡು ಮತ್ತೆ ಕಣ್ಣು ಮುಚ್ಚುತ್ತಿದ್ದರು.